ಹಂದಿ ಕಾಯಲು ಹೋದ ರೇಡಿಯೋ

ಮನೆಯಲ್ಲಿ ಈಗಲೂ ಯಾರಾದರೂ ರೇಡಿಯೋ ಕೇಳುತ್ತಾರಾ ಎಂದು ಮೊನ್ನೆ ನಮ್ಮ ಸ್ಟಾಫ್ ರೂಮಿನಲ್ಲಿ ಮಾತು ಬಂತು. ಹೊಸೂರಿನ ಸ್ಕೂಲು, ಟೀ ಕುಡಿಯುವ ಹೊತ್ತು. ಯಾವುದೋ ಪಾಠದಲ್ಲಿ ರೇಡಿಯೋ ಬಂದಿತ್ತಂತೆ, ಮಕ್ಕಳು ಅದನ್ನು ನೋಡೇ ಇಲ್ಲವಂತೆ. ಒಬ್ಬರು ಕಾರಿನಲ್ಲಿ ಕೇಳ್ತೀನಿ ಎಂದರು. ಇನ್ನೊಬ್ಬರು ಮಾವನವರು ಹೋದ ಮೇಲೆ ಸೆಟ್ಟನ್ನು ಗುಜರಿಗೆ ಹಾಕಿದೆವು ಎಂದರು. "ನಿಮ್ ಮನೇಲಿ, ಟೀಚರ್?" ಎಂದು ತಮಿಳು ಟೀಚರು ನನ್ನ ಕಡೆ ತಿರುಗಿದರು. "ನಮ್ ತವರಲ್ಲಿ ಹಂದಿಗಳು ಕೇಳ್ತಾವೆ" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಲೋಟ ಕುಕ್ಕಿ ಎದ್ದು ಹೊರಟೆ. "ಮೊಳಗಾ ಟೀಚರ್‌ಗೆ ಏನಾಯ್ತು ಇವತ್ತು" ಎಂದು ಯಾರೋ ಅಂದದ್ದು ಬೆನ್ನ ಹಿಂದೆ ಕೇಳಿಸಿತು. ಮೊಳಗಾ ಎಂದರೆ ಮೆಣಸಿನಕಾಯಿ, ಮಕ್ಕಳು ನನಗೆ ಇಟ್ಟ ಹೆಸರು. ನನಗೆ ಸಿಟ್ಟು ಮೂಗಿನ ಮೇಲೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಅವತ್ತು ಮಾತ್ರ ಎದ್ದು ಬಂದದ್ದು ಸಿಟ್ಟಿನಿಂದಲ್ಲ.

ನನ್ನ ತವರು ಕೆಲಮಂಗಲ ದಾಟಿ ಕಾಡಿನ ಮಗ್ಗುಲಲ್ಲಿರುವ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಹೊಲ ನನ್ನ ಇಬ್ಬರು ತಮ್ಮಂದಿರಿಗೆ ಪಾಲಾಯಿತು. ನಡುವೆ ಒಂದು ಬದು. ಮನೆಯ ನಡುವೆಯೂ ಒಂದು ಗೋಡೆ ಎದ್ದಿತು. ಅಮ್ಮ ಗೋಡೆಯ ಈಚೆ, ದೊಡ್ಡವನ ಕಡೆ ಉಳಿದಳು. ದೊಡ್ಡವನಿಗೆ ಬೇಸಾಯವೇ ಎಲ್ಲ. ಚಿಕ್ಕವನು ಕಂಪನಿ ಬಸ್ಸು ಹತ್ತಿ ಹೊಸೂರಿನ ಕಾರ್ಖಾನೆಗೆ ಹೋಗಿ ಬಂದು, ಮಿಕ್ಕ ಹೊತ್ತಿನಲ್ಲಿ ಹೊಲ ನೋಡುತ್ತಾನೆ. ಇಬ್ಬರನ್ನೂ ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಅಮ್ಮ ಹೊಲದಲ್ಲಿರುವಾಗ ಒಬ್ಬನಿಗೆ ಮುದ್ದೆ ನುಂಗಿಸಿ ಇನ್ನೊಬ್ಬನ ಮೂಗು ಒರೆಸುವುದು ನನ್ನ ಕೆಲಸ. ಆಗಲೂ ಹೊಡೆದಾಡುತ್ತಿದ್ದರು, ರಕ್ತ ಬರುವ ಹಾಗೆ ಕಚ್ಚುತ್ತಿದ್ದರು. ಬಿಡಿಸಿ ಇಬ್ಬರ ಬೆನ್ನಿಗೂ ಒಂದೊಂದು ಬಿಟ್ಟರೆ ಮುಗಿಯುತ್ತಿತ್ತು.

ಅಮ್ಮನ ರೇಡಿಯೋ ಅಡುಗೆಮನೆಯ ಗೂಡಿನಲ್ಲಿ ಇರುತ್ತಿತ್ತು. ಒಲೆ ಹಚ್ಚುವ ಮೊದಲು ಅದನ್ನು ಹಚ್ಚುತ್ತಿದ್ದಳು. ಗಡಿಯ ಊರು, ಮುಳ್ಳು ಸ್ವಲ್ಪ ತಿರುಗಿಸಿದರೆ ಕನ್ನಡ, ಇನ್ನಷ್ಟು ತಿರುಗಿಸಿದರೆ ತಮಿಳು, ಅದರಾಚೆ ತೆಲುಗು. ಅವಳಿಗೆ ಮೂರೂ ಆಗುತ್ತಿತ್ತು. ಹಾಡು ಬಂದರೆ ಕೆಲಸ ಮಾಡಿಕೊಳ್ಳುತ್ತಿದ್ದಳು, ಮಾತು ಬಂದರೆ ಕೈ ನಿಲ್ಲಿಸಿ ಕೇಳುತ್ತಿದ್ದಳು. ಕೇಳುವುದಷ್ಟೇ ಅಲ್ಲ, ಉತ್ತರ ಕೊಡುತ್ತಿದ್ದಳು. ಟೊಮೇಟೊ ಗಿಡಕ್ಕೆ ಇಂಥ ಔಷಧಿ ಹೊಡೆಯಿರಿ ಎಂದು ಯಾರೋ ಅಧಿಕಾರಿ ಹೇಳಿದರೆ "ನೀನ್ ಬಂದು ಹೊಡಿ ನೋಡಾನ" ಎಂದು ಇಲ್ಲಿಂದಲೇ ಬೈಯುವಳು. ಮಂಡಿನೋವಿಗೆ ಡಾಕ್ಟರು ನಡೆಯಲು ಹೇಳಿದರೆ "ಇನ್ನೆಷ್ಟ್ ನಡೀಲಿ ಸ್ವಾಮಿ" ಎನ್ನುವಳು. ನಾವು ಮೂವರೂ ಅದನ್ನು ನೋಡಿ ನಗುತ್ತಾ ಬೆಳೆದೆವು.

ಕಡ್ಲೆಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿಗಳು ಇಳಿಯುತ್ತವೆ. ಮೂತಿಯಿಂದ ನೆಲ ಬಗೆದು ಗಿಡ ಮಗುಚಿ ಹಾಕುತ್ತವೆ. ಯಾರಾದರೂ ಹೊಲದಲ್ಲಿ ಕೂತು ಕಾಯಬೇಕು. ಶಿಫ್ಟಿನ ಕೆಲಸದ ಚಿಕ್ಕವನು ಎಲ್ಲಿಂದ ಕಾಯುತ್ತಾನೆ? ಮನುಷ್ಯರ ಮಾತು ಕೇಳಿಸಿದರೆ ಹಂದಿ ಒಳಗೆ ಬರುವುದಿಲ್ಲ ಎಂದು ಕಾರ್ಖಾನೆಯಲ್ಲಿ ಯಾರೋ ಹೇಳಿದರಂತೆ. ಒಂದು ದಿನ ಗೋಡೆಯಾಚೆಯಿಂದ ಬಂದು ಗೂಡಿನಲ್ಲಿದ್ದ ರೇಡಿಯೋ ಎತ್ತಿಕೊಂಡ. "ಈಗ ಯಾರಮ್ಮ ಮನೇಲಿ ರೇಡಿಯೋ ಕೇಳ್ತಾರೆ? ಟೀವಿ ಐತೆ, ಫೋನೈತೆ. ಹೊಲಕ್ಕಾದ್ರೂ ಆಗ್ಲಿ." ಅಮ್ಮ "ತಕಂಡೋಗಪ್ಪ" ಎಂದಳಂತೆ.

ಚಿಕ್ಕವನು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತನ್ನ ಹೊಲದ ಹೊಂಗೆ ಮರಕ್ಕೆ ಕಟ್ಟಿದ. ಹಳೇ ಬೈಕಿನ ಬ್ಯಾಟರಿ, ಒಂದು ದೊಡ್ಡ ಸ್ಪೀಕರು. ಮೊದಲು ಹಾಡಿನ ಸ್ಟೇಷನ್ ಇಟ್ಟ. ಹಂದಿಗಳು ಹಾಡು ಕೇಳಿಕೊಂಡೇ ಉಂಡು ಹೋದವು. ಆಮೇಲೆ ಮಾತಿನ ಸ್ಟೇಷನ್ ಇಟ್ಟ, ಒಂದೂ ಬರಲಿಲ್ಲ. ಅವನನ್ನು ನೋಡಿ ಊರಿನಲ್ಲಿ ಇನ್ನೂ ಕೆಲವರು ಕಟ್ಟಿದರು. ಹೀಗೆ ನಮ್ಮ ಕಡೆ ಒಂದು ವಾಡಿಕೆಯೇ ಹುಟ್ಟಿತು. ಹೊಲದಲ್ಲಿ ಆಳಿದ್ದರೆ ರೇಡಿಯೋ ಆರಿಸುತ್ತಾರೆ, ಹಂದಿಯ ಸದ್ದು ಕಿವಿಗೆ ಬೀಳಬೇಕಲ್ಲ. ಮನೆಗೆ ಹೊರಡುವಾಗ ಹಚ್ಚಿ ಹೋಗುತ್ತಾರೆ. ರೇಡಿಯೋ ಮಾತಾಡುತ್ತಿದೆ ಎಂದರೆ ಆ ಹೊಲದಲ್ಲಿ ನರಪಿಳ್ಳೆಯೂ ಇಲ್ಲ ಎಂದು ಅರ್ಥ. ಹಂದಿಗಳು ಮತ್ತು ಹೊರಗಿನವರು ಮಾತ್ರ ಅದನ್ನು ತಿರುಗಾಮುರುಗಾ ತಿಳಿಯುತ್ತಾರೆ.

ಚಿಕ್ಕವನ ಹೊಲ ಬಿಟ್ಟ ಹಂದಿಗಳು ಉಪವಾಸ ಇರುತ್ತವೆಯೇ? ಬದು ದಾಟಿ ದೊಡ್ಡವನ ಹೊಲಕ್ಕೆ ಬಿದ್ದವು. ಒಂದು ಬೆಳಿಗ್ಗೆ ಅವನು ಹೋಗಿ ನೋಡಿದರೆ ನೇಗಿಲು ಹೊಡೆದ ಹಾಗೆ ಇಡೀ ಹೊಲ ಮಗುಚಿ ಬಿದ್ದಿತ್ತು. ಪಕ್ಕದಲ್ಲೇ ತಮ್ಮನ ಹೊಲದಲ್ಲಿ ಒಂದು ಗಿಡ ಅಲುಗಿಲ್ಲ, ಮರದ ಮೇಲೆ ರೇಡಿಯೋ ಹಾಯಾಗಿ ಮಾತಾಡುತ್ತಿದೆ. ದೊಡ್ಡವನು ಹಾರೆ ತೆಗೆದುಕೊಂಡು ಹೋಗಿ ಆ ಕೊಂಬೆಗೆ ಬಿಟ್ಟ. ಕೊಂಬೆ ಮುರಿದು ರೇಡಿಯೋ ಕೆಳಗೆ ಬಿತ್ತು. ಅಷ್ಟರಲ್ಲಿ ಶಿಫ್ಟು ಮುಗಿಸಿ ಬಂದ ಚಿಕ್ಕವನು, ಯೂನಿಫಾರಂ ಕೂಡ ಬಿಚ್ಚದವನು, ಗುದ್ದಲಿ ಕಾವಿನಿಂದ ಅಣ್ಣನ ದವಡೆಗೆ ಬೀಸಿದ. ಹಲ್ಲು ಮುರಿದು ಬಾಯಿ ತುಂಬ ರಕ್ತ. ದೊಡ್ಡವನು ಬಿದ್ದಲ್ಲಿಂದಲೇ ತಮ್ಮನ ಕಾಲು ಹಿಡಿದೆಳೆದು ಕೆಡವಿ, ಎದೆಯ ಮೇಲೆ ಕೂತು ಕತ್ತು ಹಿಸುಕಿದ. ಪಕ್ಕದ ಹೊಲದವರು ಓಡಿ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ನಾನು ಪಾಠ ಬಿಟ್ಟು ಓಡಿದೆ. ಕೆಲಮಂಗಲದ ಒಂದು ಕ್ಲಿನಿಕ್ಕಿನಲ್ಲಿ ದೊಡ್ಡವನು ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದ.

"ಅವನ್ನ ಉಳ್ಸಲ್ಲ ಕಣಕ್ಕ."

"ಉಳಿಸ್ಬ್ಯಾಡ ಕಣ್ಲಾ. ಮುಗಿಸ್ಬುಟ್ಟು ಜೈಲಿಗೋಗು. ಯಾತಕ್ಕಂತ ಕೇಳಿದ್ರೆ ಹಂದಿಗೋಸ್ಕರ ಅನ್ನು. ಮುಖಕ್ಕೆ ಉಗೀತಾರೆ."

"ನಿಂಗೆ ಯಾವಾಗ್ಲೂ ಅವನೇ ಮುದ್ದು."

"ಮುಚ್ಚು ಬಾಯಿ. ಅದರಲ್ಲಿ ಇನ್ನೂ ನಾಕು ಹಲ್ಲವೆ, ಅವನ್ನ ನಾನೇ ಉದುರಿಸ್ತೀನಿ."

ಅಲ್ಲಿಂದ ಊರಿಗೆ ಹೋದೆ. ಚಿಕ್ಕವನ ಕತ್ತಿನ ಮೇಲೆ ಬೆರಳಿನ ಗುರುತು ಕಪ್ಪಗೆ ಕೂತಿತ್ತು. ಅವನು ರೇಡಿಯೋವಿನ ಒಡೆದ ಡಬ್ಬಕ್ಕೆ ಸೈಕಲ್ ಟ್ಯೂಬು ಬಿಗಿದು ಅವತ್ತೇ ಮತ್ತೆ ಮರಕ್ಕೆ ಕಟ್ಟಿದ. ನನ್ನ ಕಣ್ಣೆದುರಿಗೇ ಕಟ್ಟಿ ಸದ್ದು ಇನ್ನೂ ಜೋರು ಮಾಡಿದ.

ಅಪ್ಪನ ತಿಥಿಗೆ ಇಬ್ಬರೂ ಒಂದೇ ಸಾಲಿನಲ್ಲಿ ಕೂರಬೇಕು. ಕೂತರು. ಪಾಯಸ ಬಡಿಸುವವರೆಗೂ ನೆಟ್ಟಗಿತ್ತು. ಚಿಕ್ಕವನು ಎಲೆಯ ಮೇಲೆ ಕಣ್ಣಿಟ್ಟುಕೊಂಡೇ, "ನಿಮ್ಮೊಲದಾಗೆ ಹಂದಿಗೋಳ್ಗೂ ಎಲೆ ಹಾಕ್ಬುಟ್ರೇನೋ" ಎಂದ. ದೊಡ್ಡವನು ಪಕ್ಕದಲ್ಲಿದ್ದ ಹಿತ್ತಾಳೆ ಚೊಂಬನ್ನೇ ಎಸೆದ. ಹಣೆ ಸೀಳಿ ರಕ್ತ ಪಾಯಸಕ್ಕೆ ಸುರಿಯಿತು. ಎಲೆಗಳನ್ನು ತುಳಿದುಕೊಂಡು ಒಬ್ಬರ ಮೇಲೊಬ್ಬರು ಬಿದ್ದರು. ನಾನು ಪೊರಕೆ ತೆಗೆದುಕೊಂಡು ಯಾರ ತಲೆ, ಯಾರ ಬೆನ್ನು ಎಂದು ನೋಡದೆ ಬಾರಿಸಿದೆ. ನಡುವೆ ಸಿಕ್ಕಿ ನನ್ನ ಕಿರುಬೆರಳು ಹಿಂದಕ್ಕೆ ಮಡಚಿತು, ಇವತ್ತಿಗೂ ಅದು ನೆಟ್ಟಗೆ ನಿಲ್ಲುವುದಿಲ್ಲ. ಅಮ್ಮ ಅಪ್ಪನ ಫೋಟೋದ ಮುಂದೆ ಇಟ್ಟಿದ್ದ ಎಡೆಯ ಹತ್ತಿರ ಕೂತಿದ್ದಳು, ಬಿಡಿಸಲು ಏಳಲಿಲ್ಲ. ಎಲ್ಲ ಮುಗಿದ ಮೇಲೆ ಚೆಲ್ಲಿದ ಅನ್ನವನ್ನು ಮೊರಕ್ಕೆ ಬಳಿದುಕೊಂಡು ಹಿತ್ತಲಿಗೆ ಹೋದಳು.

ಅಂದಿನಿಂದ ನನಗೆ ಒಂದೇ ಭಯ. ಇವರಲ್ಲಿ ಒಬ್ಬ ಹೆಣವಾಗುತ್ತಾನೆ, ಇನ್ನೊಬ್ಬ ಕೊಲೆಗಾರನಾಗುತ್ತಾನೆ. ಫೋನು ಹೊಡೆದುಕೊಂಡರೆ ಸಾಕು, ಪಾಠ ನಿಲ್ಲಿಸಿ ಹೊರಗೆ ಓಡುತ್ತಿದ್ದೆ. ಪ್ರತಿ ಶನಿವಾರ ಸ್ಕೂಲು ಬಿಟ್ಟ ಮೇಲೆ ಬಸ್ಸು ಹತ್ತಿ ಹೋಗಿ ಇಬ್ಬರ ಮುಖ ನೋಡಿ ಬರುವುದು ರೂಢಿಯಾಯಿತು.

ಅಂಥ ಒಂದು ಶನಿವಾರ, ಹೊತ್ತು ಇಳಿಯುತ್ತಿತ್ತು. ಊರಿನ ದಾರಿ ಹಿಡಿದು ನಡೆಯುವಾಗ ನಮ್ಮ ಹೊಲದ ಬದುವಿನ ಮೇಲೆ ಹೊಸದಾಗಿ ನೆಟ್ಟ ಗೂಟಗಳು ಕಂಡವು. ಮೊಣಕಾಲೆತ್ತರದಲ್ಲಿ ಗೂಟದಿಂದ ಗೂಟಕ್ಕೆ ಸಣ್ಣ ತಂತಿ. ನಾನು ಮನೆಗೆ ಹೋಗಲಿಲ್ಲ, ನೇರ ದೊಡ್ಡವನ ಮೋಟರ್ ಶೆಡ್ಡಿಗೆ ಹೋದೆ. ಅವನು ಅಲ್ಲೇ ಇದ್ದ. ಬದುವಿನ ತಂತಿ ಶೆಡ್ಡಿನ ಒಳಗೆ ಒಂದು ಸ್ವಿಚ್ಚಿಗೆ ಬಂದು ಸೇರಿತ್ತು.

"ಕರೆಂಟ್ ಕೊಟ್ಟಿದ್ದೀಯೇನ್ಲಾ?"

"ಹಂದಿಗೆ, ಅಕ್ಕ."

"ಯಾವ ಹಂದಿಗೆ? ಬದು ಇಬ್ಬರದೂ. ಚಿಕ್ಕೋನು ಕಾಲಿಕ್ಕಿದ್ರೆ?"

"ನಾನೇನ್ ಕುರುಡನಾ? ಅವನು ಹೊಲದಾಗಿದ್ರೆ ರೇಡಿಯೋ ಆಫ್ ಮಾಡ್ತಾನೆ. ಅದು ಕೂಗ್ತಾ ಇದ್ರೆ ಯಾರೂ ಇಲ್ಲ ಅಂತ. ಕೇಳಿಸ್ಕೊಂಡು ಆಮ್ಯಾಕೇ ಸ್ವಿಚ್ ಹಾಕಾದು. ಅವನ್ನ ಸಾಯಿಸ್ಬೇಕು ಅಂದಿದ್ರೆ ಮಚ್ಚಿಲ್ವಾ ಮನೇಲಿ?"

ನನಗೆ ಮೈಯೆಲ್ಲ ಉರಿದುಹೋಯಿತು. ಕೆನ್ನೆಗೆ ಬಾರಿಸಿದೆ. ತಂತಿ ಕಿತ್ತು ಹಾಕು, ಇಲ್ಲದಿದ್ದರೆ ಈಗಲೇ ಕರೆಂಟ್ ಆಫೀಸಿನವರನ್ನು ಕರೆಸುತ್ತೇನೆ ಎಂದು ಫೋನು ತೆಗೆದೆ. ಅವನು ಫೋನು ಕಿತ್ತುಕೊಂಡ. ನಾನು ಅವನ ಅಂಗಿ ಹಿಡಿದು ಶೆಡ್ಡಿನಿಂದ ಆಚೆ ಎಳೆಯಲು ನೋಡಿದೆ, ಅವನು ನೂಕಿದ, ಗೋಡೆಗೆ ನನ್ನ ತಲೆ ಬಡಿಯಿತು. ಹಂದಿಗಳಿಗಿಂತ ಹೆಚ್ಚಿಗೆ ಅವನಿಗೆ ತಮ್ಮನ ಮೇಲೆ ಹಟ, ಅದು ಕಣ್ಣಲ್ಲೇ ಕಾಣುತ್ತಿತ್ತು.

"ಕೇಳಿಸ್ತಾ? ಕೇಳಿಸ್ಕೋ" ಎಂದು ಅವನು ಬದುವಿನ ಆಚೆಗೆ ಕೈ ತೋರಿಸಿದ. ಹೊಂಗೆ ಮರದಲ್ಲಿ ರೇಡಿಯೋ ಮಾತಾಡುತ್ತಿತ್ತು. ಒಬ್ಬ ಹೆಂಗಸು ಮಕ್ಕಳ ಜ್ವರದ ವಿಷಯ ಏನೋ ಕೇಳುತ್ತಿದ್ದಳು, ಡಾಕ್ಟರು ಸಮಾಧಾನದಿಂದ ಹೇಳುತ್ತಿದ್ದರು. "ಕೂಗ್ತಾ ಐತೆ. ಯಾರೂ ಇಲ್ಲ" ಎಂದು ದೊಡ್ಡವನು ಸ್ವಿಚ್ ಒತ್ತಿದ.

ನಾನು ಮತ್ತೆ ಅವನ ಮೇಲೆ ಬಿದ್ದೆ. ಕೂದಲು ಹಿಡಿದೆ, ತೋಳು ಕಚ್ಚಿದೆ. ಅವನು ನನ್ನ ಎರಡೂ ಕೈಗಳನ್ನು ಒಂದೇ ಕೈಯಲ್ಲಿ ಹಿಡಿದು ಗೋಡೆಗೆ ಒತ್ತಿದ. ಆಗ ಬದುವಿನ ಕಡೆಯಿಂದ ಒಂದು ಸದ್ದು ಬಂತು. ಕೂಗಲ್ಲ, ಗಂಟಲಿನಿಂದ ಹೊರಗೆ ಬರಲಾರದೆ ಒಳಗೇ ಸಿಕ್ಕಿಕೊಂಡ ಸದ್ದು. ಮನುಷ್ಯರದು ಎಂದು ಇಬ್ಬರಿಗೂ ಗೊತ್ತಾಯಿತು. ಅವನ ಹಿಡಿತ ಸಡಿಲವಾಯಿತು. ನಾನು ಸ್ವಿಚ್ ಕೆಡವಿ ಓಡಿದೆ.

ಬದುವಿನ ಮೇಲೆ ಅಮ್ಮ ಬಿದ್ದಿದ್ದಳು. ದಾಟುವಾಗ ಕಾಲು ಎತ್ತಲಾರದೆ ತಂತಿಯನ್ನು ಕೈಯಲ್ಲಿ ಅದುಮಿ ದಾಟಲು ಹೋಗಿದ್ದಳು. ಬಲಗೈ ಮುಷ್ಟಿ ತಂತಿಯನ್ನು ಬಿಗಿದು ಹಿಡಿದೇ ಇತ್ತು, ಅಂಗೈ ಕಪ್ಪಗೆ ಸುಟ್ಟು ಹೊಗೆಯಾಡುತ್ತಿತ್ತು. ಆ ವಾಸನೆಯನ್ನು ನಾನು ಬರೆಯುವುದಿಲ್ಲ. ಬೆರಳು ಬಿಡಿಸಿ, ಎದೆಯ ಮೇಲೆ ಗುದ್ದಿ ಗುದ್ದಿ, "ಅಮ್ಮ, ಅಮ್ಮ" ಎಂದು ಅರಚಿದೆ. ಉಸಿರು ಬಂತು. ದೊಡ್ಡವನು ಹತ್ತಿರ ಬರಲಿಲ್ಲ. ಕಡ್ಲೆಕಾಯಿ ಗಿಡದ ನಡುವೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ತನ್ನ ತಲೆಗೆ ತಾನೇ ಹೊಡೆದುಕೊಳ್ಳುತ್ತಿದ್ದ.

ಪಕ್ಕದೂರಿನ ಟೆಂಪೋದಲ್ಲಿ ಹೊಸೂರಿನ ಆಸ್ಪತ್ರೆಗೆ ತಂದೆವು. ಅಮ್ಮನ ಜೀವ ಉಳಿಯಿತು, ಬಲಗೈಯ ಬೆರಳುಗಳು ಉಳಿಯಲಿಲ್ಲ. ಬೆಳಿಗ್ಗೆ ಅವಳಿಗೆ ಮಾತು ಬಂದಾಗ ಮೊದಲು ಕೇಳಿದೆ, ಆ ಹೊತ್ತಿನಲ್ಲಿ ನೀನು ಚಿಕ್ಕವನ ಹೊಲದಲ್ಲಿ ಏನು ಮಾಡುತ್ತಿದ್ದೆ ಎಂದು.

"ದಿನಾ ಹೋಯ್ತಿದ್ದೆ ಕಣವ್ವ, ರೇಡಿಯೋ ಕೇಳಕ್ಕೆ. ಮರದ ಬುಡದಾಗೆ ಕುಂತ್ಕಂಡು."

"ಮನೇಲಿ ಟೀವಿ ಇತ್ತಲ್ಲಮ್ಮ."

"ಮನೇಲಿ ಗೋಡೆ ಈಚೆ ಒಬ್ಬ ಬೈತಾನೆ, ಆಚೆ ಒಬ್ಬ ಬೈತಾನೆ. ಅಲ್ಲಿ ಯಾರೋ ಯಾರ್ನೋ ಮರ್ವಾದೆಯಾಗಿ ಮಾತಾಡಿಸ್ತಿದ್ರು. ಅದನ್ನ ಕೇಳ್ಕಂಡು, ಹೊತ್ತು ಮುಳುಗಿದ್ಮ್ಯಾಕೆ ಮನೆಗೆ ಬತ್ತಿದ್ದೆ."

ನನಗೆ ಅಳು ತಡೆಯಲಾಗಲಿಲ್ಲ. ಅವಳ ಸೆರಗಿನಲ್ಲೇ ಮುಖ ಒರೆಸಿಕೊಂಡೆ.

ಚಿಕ್ಕವನು ಶಿಫ್ಟಿನಿಂದ ನೇರ ಆಸ್ಪತ್ರೆಗೆ ಬಂದ. ಅಮ್ಮನ ಕೈ ನೋಡಿದ. ಹೊರಗೆ ಹೋಗಿ, ವರಾಂಡದಲ್ಲಿ ಕೂತಿದ್ದ ಅಣ್ಣನ ಮುಖಕ್ಕೆ ಒದ್ದ. ಹಿಂದೆ ಹಲ್ಲು ಮುರಿದ ದವಡೆಯ ಮೇಲೆಯೇ ಮತ್ತೆ ಮತ್ತೆ ಒದ್ದ. ದೊಡ್ಡವನು ಕೈ ಎತ್ತಲಿಲ್ಲ, ತಲೆಯೂ ಪಕ್ಕಕ್ಕೆ ತಿರುಗಿಸಲಿಲ್ಲ. ಆಸ್ಪತ್ರೆಯ ಆಳುಗಳು ಸೇರಿ ಚಿಕ್ಕವನನ್ನು ಎಳೆದರು. ಅವನ ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಪಕ್ಕ ದಾರಿಯಲ್ಲಿ ಕೊಂಡ ಮಚ್ಚು ಇತ್ತು. ನಾನು ಅದನ್ನು ಕಿತ್ತುಕೊಂಡು ಅಮ್ಮನಿಗೆಂದು ತಂದಿದ್ದ ಸೀರೆಯಲ್ಲಿ ಸುತ್ತಿ ಅಮ್ಮನ ಮಂಚದ ಕೆಳಗೆ ಇಟ್ಟೆ. "ಇಟ್ಕೋ ಅಕ್ಕ" ಎಂದ, "ಊರಲ್ಲಿ ಇನ್ನೊಂದು ಸಿಗ್ತದೆ."

ಕರೆಂಟಿನ ಕೇಸು, ಪೊಲೀಸರು ಬಂದೇ ಬರುತ್ತಾರೆ. ಊರಿನ ಹಿರಿಯರೊಬ್ಬರು ಹಿಂದೆಯೇ ಬಂದಿದ್ದರು. ಮುದುಕಿ ಒದ್ದೆ ಕೈಯಲ್ಲಿ ಮೋಟರ್ ಸ್ಟಾರ್ಟರ್ ಮುಟ್ಟಿಬಿಟ್ಟಳು ಎಂದು ಎಲ್ಲರೂ ಹೇಳಬೇಕು ಎಂದರು. ಮನೆ ಮಾನ ಹೋಗಬಾರದು ಎಂದರು. ಚಿಕ್ಕವನು ಒಪ್ಪುವುದಿಲ್ಲ ಎಂದು ನಾನು ತಿಳಿದಿದ್ದೆ. ಅವನು ಎಲ್ಲರಿಗಿಂತ ಮೊದಲು ತಲೆ ಆಡಿಸಿದ.

"ಆಗ್ಲಿ, ಸ್ಟಾರ್ಟರ್ ಅಂತಾನೇ ಹೇಳಾನ. ಪೊಲೀಸ್ನೋರು ಯಾತಕ್ಕೆ ಬೇಕು? ಇವನು ಊರಿಗೆ ಬರ್ಲಿ. ನಾನೇ ನೋಡ್ಕಂತೀನಿ."

ಇದನ್ನು ಹೇಳಿದ್ದು ಅಮ್ಮನ ಮಂಚದ ಪಕ್ಕದಲ್ಲೇ ನಿಂತು. ಅಮ್ಮ ಕಣ್ಣು ಮುಚ್ಚಿದ್ದಳು. ಅಣ್ಣನನ್ನು ಊರಿಗೆ ವಾಪಸು ತರಲಿಕ್ಕೆಂದೇ ತಮ್ಮ ಸುಳ್ಳಿಗೆ ಒಪ್ಪಿದ್ದ.

ಪೊಲೀಸಿನವರು ಇಬ್ಬರು ಬಂದರು. ಅವರಲ್ಲಿ ಮೇಲಧಿಕಾರಿ ತಮಿಳು ಸೀಮೆಯ ದಕ್ಷಿಣದ ಜಿಲ್ಲೆಯ ಕಡೆಯವರು, ಕನ್ನಡ ಒಂದಕ್ಷರ ತಿಳಿಯದು. ಅಮ್ಮನ ಹತ್ತಿರ ಸ್ಟೂಲು ಎಳೆದುಕೊಂಡು ಏನಾಯಿತಮ್ಮ ಎಂದು ತಮಿಳಿನಲ್ಲಿ ಕೇಳಿದರು. ಅಮ್ಮನಿಗೆ ತಮಿಳು ಚೆನ್ನಾಗಿ ಬರುತ್ತದೆ, ಸಂತೆಯಲ್ಲಿ ಜಗಳವಾಡುವಷ್ಟು ಬರುತ್ತದೆ. ಆ ನೋವಿನಲ್ಲಿ ಕನ್ನಡ ಬಿಟ್ಟು ಬೇರೆ ಬಾಯಿಗೆ ಬರಲಿಲ್ಲ. ಇಬ್ಬರು ಮಕ್ಕಳೂ ಬಾಗಿಲ ಹತ್ತಿರ ನಿಂತಿದ್ದರು, ಊರಿನ ಹಿರಿಯರು ನನಗೆ ಕಣ್ಣು ಸನ್ನೆ ಮಾಡುತ್ತಿದ್ದರು.

"ನನ್ನ ದೊಡ್ಮಗ ತಂತಿ ಎಳ್ದಿದ್ದ ಸ್ವಾಮಿ. ಅವನೇ ಕರೆಂಟ್ ಬಿಟ್ಟಿದ್ದು. ಕರ್ಕಂಡೋಗಿ ಒಳಗೆ ಹಾಕಿ" ಎಂದಳು ಅಮ್ಮ. ಆಮೇಲೆ ನನ್ನ ಕಡೆ ಮುಖ ತಿರುಗಿಸಿ ಮೆಲ್ಲಗೆ, "ಆಚೆ ಇದ್ರೆ ಚಿಕ್ಕೋನು ಇವನ್ನ ಕಡ್ದಾಕ್ತಾನೆ. ಒಳಗಿದ್ರೆ ಜೀವಾನಾದ್ರೂ ಇರ್ತದೆ. ಹೇಳವ್ವ ಅವರಿಗೆ" ಎಂದಳು.

"ಅಮ್ಮಾ ಎನ್ನ ಸೊಲ್ರಾಂಗ?" ಎಂದರು ಪೊಲೀಸಿನವರು ನನ್ನನ್ನು ನೋಡಿ. ಅಮ್ಮ ಏನು ಹೇಳುತ್ತಿದ್ದಾರೆ ಎಂದು.

"ಸ್ಟಾರ್ಟರ್ ಅಂತ ಹೇಳಕ್ಕ" ಎಂದ ಚಿಕ್ಕವನು ಹಲ್ಲು ಕಚ್ಚಿ.

ನಾನು ಬಾಗಿಲ ಕಡೆ ನೋಡಿದೆ. ದೊಡ್ಡವನ ಮುಖ ಬಾತು ಒಂದು ಕಣ್ಣು ಮುಚ್ಚಿಹೋಗಿತ್ತು. ಸೊಂಟದ ಮೇಲೆ ಹೊತ್ತ ಮಗು. ನಾನು ತಮಿಳಿನಲ್ಲಿ ಹೇಳಿದೆ. ತಂತಿ ಎಳೆದದ್ದು ನನ್ನ ದೊಡ್ಡ ತಮ್ಮ, ಸ್ವಿಚ್ ಒತ್ತಿದ್ದೂ ಅವನೇ, ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ, ಈಗಲೇ ಕರೆದುಕೊಂಡು ಹೋಗಿ ಎಂದೆ.

ಚಿಕ್ಕವನು ಬಾಗಿಲಿನಿಂದ ಅಣ್ಣನ ಮೇಲೆ ಹಾರಿದ. "ಅವನು ನನಗೆ ಬೇಕು, ಬಿಡ್ರೋ" ಎಂದು ಕಿರುಚಿದ. ಒಬ್ಬ ಪೊಲೀಸಿನವನು ಲಾಠಿಯನ್ನು ಅವನ ಎದೆಗೆ ಅಡ್ಡ ಒತ್ತಿ ಗೋಡೆಗೆ ತಳ್ಳಿದ. ಇನ್ನೊಬ್ಬರು ದೊಡ್ಡವನ ರಟ್ಟೆ ಹಿಡಿದು ವರಾಂಡದ ಉದ್ದಕ್ಕೂ ನಡೆಸಿಕೊಂಡು ಹೋದರು. ಅವನು ಹಿಂದೆ ತಿರುಗಿ ಅಮ್ಮನನ್ನು ನೋಡಲಿಲ್ಲ. ಚಿಕ್ಕವನು ತಪ್ಪಿಸಿಕೊಂಡು ಓಡಿ ಜೀಪಿನ ಬಾಗಿಲಿಗೆ ಮುಷ್ಟಿಯಿಂದ ಗುದ್ದುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು.

"ಗಾಡಿ ಹೋಯ್ತಾ?" ಎಂದಳು ಅಮ್ಮ.

"ಹೋಯ್ತು."

"ಅವನ್ನ ಹತ್ತಿಸ್ಕಂಡ್ರಾ?"

"ಹೂಂ."

"ಸದ್ಯ" ಎಂದಳು. "ಇಬ್ರೂ ಉಳ್ಕಂಡ್ರು ಕಣವ್ವ."